ನೋಡುವುದನ್ನು ಕಲಿಸುವುದು: ಹವ್ಯಾಸಿ ಛಾಯಾಗ್ರಾಹಕರ ಕೂಟದಿಂದ ಅಭ್ಯಾಸ ಬೋಧನೆಗೆ

ಪೀಠಿಕೆ

ಅಭ್ಯಾಸ ಬೋಧನೆಯ ದಿನಗಳಲ್ಲಿ ಪ್ರಶಿಕ್ಷಣಾರ್ಥಿಗಳು ತುಂಬುವ ವೀಕ್ಷಣಾ ಪುಸ್ತಕಗಳನ್ನು ಓದುವುದು ನನ್ನ ಕೆಲಸಗಳಲ್ಲಿ ಒಂದು. ‘ಪೀಠಿಕೆ ಚೆನ್ನಾಗಿತ್ತು’, ‘ಕಪ್ಪುಹಲಗೆಯ ಬಳಕೆ ಉತ್ತಮ’, ‘ಧ್ವನಿ ಇನ್ನೂ ಸ್ವಲ್ಪ ಏರಬೇಕು’, ‘ತರಗತಿ ನಿರ್ವಹಣೆ ಸಮಾಧಾನಕರ’ ಎಂಬ ಮಾತುಗಳೇ ಪುಟದಿಂದ ಪುಟಕ್ಕೆ ಬರುತ್ತವೆ. ಇವನ್ನು ಓದಿ ಆ ತರಗತಿಯಲ್ಲಿ ಏನು ನಡೆಯಿತೆಂದು ಹೇಳಲು ಸಾಧ್ಯವಿಲ್ಲ. ಬರೆದವರು ನಲವತ್ತು ನಿಮಿಷ ಕುಳಿತು ತೀರ್ಪು ಕೊಟ್ಟಿದ್ದಾರೆ. ಯಾವುದನ್ನು ನೋಡಿ ಆ ತೀರ್ಪಿಗೆ ಬಂದರು ಎಂಬುದು ಪುಸ್ತಕದಲ್ಲಿಲ್ಲ.

ಪಾಠ ಮಾಡಿದ ಪ್ರಶಿಕ್ಷಣಾರ್ಥಿಗೆ ಇದರಿಂದ ಆಗುವ ಲಾಭ ಕಡಿಮೆ. ಹೊಗಳಿಕೆಯಾದರೆ ಸಂಕೋಚ, ಟೀಕೆಯಾದರೆ ನೋವು. ನಾಳೆಯ ಪಾಠದಲ್ಲಿ ಏನು ಬದಲಿಸಬೇಕೆಂಬುದು ಎರಡರಿಂದಲೂ ತಿಳಿಯುವುದಿಲ್ಲ. ಇನ್ನೂ ದೊಡ್ಡ ನಷ್ಟ ಮಗುವಿನದು. ಹಿಂದಿನ ಸಾಲಿನಲ್ಲಿ ಕುಳಿತ ಮಗುವಿನ ಬಗ್ಗೆ ಒಂದು ವಾಕ್ಯವೂ ಇಲ್ಲದ ವೀಕ್ಷಣಾ ಪುಸ್ತಕಗಳು ಎಷ್ಟೋ ಇವೆ.

ಈ ಕೊರತೆಗೆ ಉಪಯುಕ್ತವಾದ ಒಂದು ಶಿಸ್ತು ನಮಗೆ ಶಿಕ್ಷಣಶಾಸ್ತ್ರದ ಹೊರಗೆ, ಹವ್ಯಾಸಿ ಛಾಯಾಗ್ರಾಹಕರ ಕೂಟಗಳಲ್ಲಿ ದೊರೆಯುತ್ತದೆ. ಆ ಕೂಟಗಳ ಕೆಲಸದ ರೀತಿಯನ್ನು ಆಧರಿಸಿ ಕೊಳ್ಳೇಗಾಲ, ಯಳಂದೂರು, ಹನೂರು ಭಾಗದಿಂದ ಬಂದ ಪ್ರಶಿಕ್ಷಣಾರ್ಥಿಗಳ ಜೊತೆ ನಡೆಸಿದ ನಾಲ್ಕು ಕಾರ್ಯಾಗಾರಗಳನ್ನು ಇಲ್ಲಿ ವಿವರಿಸುತ್ತೇನೆ.

ಹವ್ಯಾಸಿ ಕೂಟಗಳು: ಕಿರು ಹಿನ್ನೆಲೆ

1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರನ ಛಾಯಾಗ್ರಹಣ ವಿಧಾನ ಪ್ರಕಟವಾಯಿತು. ಅದಾದ ಎರಡು ದಶಕದೊಳಗೆ ಭಾರತದಲ್ಲೂ ಆಸಕ್ತರ ಸಂಘಗಳು ಹುಟ್ಟಿದವು: ಬೊಂಬಾಯಿಯಲ್ಲಿ 1854ರಲ್ಲಿ, ಮದ್ರಾಸು ಮತ್ತು ಕಲ್ಕತ್ತದಲ್ಲಿ 1856ರಲ್ಲಿ. ನಮ್ಮ ಕೊಳ್ಳೇಗಾಲ ಆಗ ಮದ್ರಾಸು ಪ್ರಾಂತ್ಯದಲ್ಲಿತ್ತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಅದು ಕೊಯಮತ್ತೂರು ಜಿಲ್ಲೆಯ ಭಾಗ. ಕರ್ನಾಟಕದಲ್ಲಿ ಇಂದು ಹೆಚ್ಚು ಪರಿಚಿತವಾದ ಕೂಟವೆಂದರೆ 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ. ಉಪನ್ಯಾಸ, ಕಾರ್ಯಾಗಾರ, ಹೊರಸಂಚಾರ, ಸದಸ್ಯರ ಸ್ಪರ್ಧೆ ಮತ್ತು ‘ಸಲಾನ್’ ಎಂದು ಕರೆಯುವ ಪ್ರದರ್ಶನ ಸ್ಪರ್ಧೆಗಳು ಇಂಥ ಕೂಟಗಳ ವಾರ್ಷಿಕ ಚಟುವಟಿಕೆಗಳು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥ ವನ್ಯಜೀವಿ ಛಾಯಾಗ್ರಾಹಕರು, ಸಂಡೂರಿನ ಎಂ.ವೈ. ಘೋರ್ಪಡೆಯವರು ನಮ್ಮ ನಾಡಿನಲ್ಲಿ ಈ ಕಲೆಗೆ ಗೌರವ ತಂದವರು. ಘೋರ್ಪಡೆಯವರು ರಾಜಕಾರಣಿಯಾಗಿದ್ದುಕೊಂಡೇ ಕ್ಯಾಮೆರಾ ಹಿಡಿದವರು ಎಂಬುದು ‘ಹವ್ಯಾಸಿ’ ಎಂಬ ಪದವನ್ನು ಹಗುರವಾಗಿ ಕಾಣುವವರಿಗೆ ಉತ್ತರ.

ಶಿಕ್ಷಕರಾದ ನಮಗೆ ಇಂಥ ಕೂಟಗಳ ಎರಡು ಪದ್ಧತಿಗಳು ಮುಖ್ಯ. ಒಂದು, ಸಲಾನ್‌ಗಳಲ್ಲಿ ತೀರ್ಪುಗಾರರ ಮುಂದೆ ಚಿತ್ರ ಬರುವಾಗ ತೆಗೆದವರ ಹೆಸರು ಬರುವುದಿಲ್ಲ. ಮಾತಾಡಬೇಕಾದದ್ದು ಚಿತ್ರದ ಬಗ್ಗೆ, ವ್ಯಕ್ತಿಯ ಬಗ್ಗೆ ಅಲ್ಲ. ಎರಡು, ಸದಸ್ಯರ ಸಭೆಯಲ್ಲಿ ಒಂದು ಚಿತ್ರವನ್ನು ಎಲ್ಲರೆದುರು ಇಟ್ಟು ವಿಮರ್ಶೆ ಮಾಡುವಾಗ ‘ಚೆನ್ನಾಗಿದೆ’ ಎಂದರೆ ಸಾಲದು. ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ, ಅಂಚಿನಲ್ಲಿ ಏನು ಕತ್ತರಿಸಿದೆ, ಬೆಳಕು ಯಾವ ಕಡೆಯಿಂದ ಬಿದ್ದಿದೆ ಎಂದು ಬೆರಳಿಟ್ಟು ತೋರಿಸಬೇಕು. ಪಾಠ ವೀಕ್ಷಣೆಗೂ ಇದೇ ಶಿಸ್ತು ಬೇಕು.

ಉದ್ದೇಶಗಳು

ಈ ಕಾರ್ಯಾಗಾರಗಳ ಕೊನೆಯಲ್ಲಿ ಪ್ರಶಿಕ್ಷಣಾರ್ಥಿಗಳು

1. ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆಯಾಗಿ ಬರೆಯುವರು;
2. ಕಡಿಮೆ ವೆಚ್ಚದ ಸಾಮಗ್ರಿಯಿಂದ ಬೆಳಕಿನ ಪಾಠವನ್ನು ಮಾಡಿ ತೋರಿಸುವರು;
3. ಮಗುವಿನ ಆಸನದಿಂದ ತರಗತಿಯನ್ನು ನೋಡುವರು;
4. ಸಹಪಾಠಿಯ ಪಾಠವನ್ನು ಆಧಾರ ಸಹಿತ ವಿಮರ್ಶಿಸುವರು.

ಬೇಕಾದ ಸಾಮಗ್ರಿ: ಚಪ್ಪಲಿ ಪೆಟ್ಟಿಗೆಗಳು, ಕಪ್ಪು ಕಾಗದ, ಅಂಟು, ಸೂಜಿ, ಎಣ್ಣೆ ಸವರಿದ ತೆಳು ಕಾಗದ, ಅಳತೆ ಪಟ್ಟಿ, ಐದಾರು ಜನರ ಗುಂಪಿಗೆ ಒಂದರಂತೆ ಮೊಬೈಲ್. ಬೆಲೆಬಾಳುವ ಕ್ಯಾಮೆರಾ ಬೇಕಿಲ್ಲ.

ಮೊದಲ ಕಾರ್ಯಾಗಾರ: ಕತ್ತಲೆ ಪೆಟ್ಟಿಗೆ

ಛಾಯಾಗ್ರಹಣದ ಕಾರ್ಯಾಗಾರವನ್ನು ಕ್ಯಾಮೆರಾ ಇಲ್ಲದೆ ಆರಂಭಿಸಿದೆವು. ಕಾಲೇಜಿನ ಆವರಣದ ಹೊಂಗೆ ಮರದ ನೆರಳಿನಲ್ಲಿ ನೆಲದ ಮೇಲೆ ಬಿದ್ದ ಬೆಳಕಿನ ಚುಕ್ಕೆಗಳನ್ನು ನೋಡಲು ಹೇಳಿದೆ. ಎಲೆಗಳ ನಡುವಿನ ಸಂದುಗಳು ಮೂರು ಮೂಲೆಯವು, ಸೀಳಿನಂಥವು, ಅಡ್ಡಾದಿಡ್ಡಿಯವು. ಆದರೆ ಚುಕ್ಕೆಗಳೆಲ್ಲ ಹೆಚ್ಚು ಕಡಿಮೆ ಗುಂಡಗಿವೆ. ಯಾಕೆ? ‘ಸಂದು ಗುಂಡಗಿರಬೇಕು’ ಎಂದು ಮೊದಲು ಹೇಳಿದವರು ಮೇಲೆ ನೋಡಿ ಸುಮ್ಮನಾದರು. ಆಮೇಲೆ ಒಂದು ರಟ್ಟಿನಲ್ಲಿ ಚೌಕಾಕಾರದ ಸಣ್ಣ ತೂತು ಮಾಡಿ ಬಿಸಿಲಿಗೆ ಹಿಡಿದೆವು. ಹತ್ತಿರದಲ್ಲಿ ಚೌಕವಾಗಿ ಬಿದ್ದ ಬೆಳಕು ದೂರ ಹೋದಂತೆ ಗುಂಡಗಾಯಿತು. ಅಲ್ಲಿ ಕಾಣುತ್ತಿರುವುದು ತೂತಿನ ಆಕಾರವಲ್ಲ, ಸೂರ್ಯನ ಬಿಂಬ ಎಂಬುದಕ್ಕೆ ಅವರೇ ಬಂದು ಮುಟ್ಟಿದರು. 2019ರ ಡಿಸೆಂಬರ್ 26ರ ಗ್ರಹಣದ ಬೆಳಗ್ಗೆ ಮರದಡಿಯ ಚುಕ್ಕೆಗಳು ಕುಡುಗೋಲಿನಂತೆ ಕಂಡದ್ದಕ್ಕೂ ಇದೇ ಕಾರಣ. ಚುಕ್ಕೆಯ ಅಗಲವನ್ನು 109ರಿಂದ ಗುಣಿಸಿದರೆ ಸಂದು ಎಷ್ಟು ದೂರದಲ್ಲಿದೆ ಎಂಬ ಅಂದಾಜು ಸಿಗುತ್ತದೆ. 5 ಸೆಂ.ಮೀ. ಚುಕ್ಕೆಯಾದರೆ ಸುಮಾರು ಐದೂವರೆ ಮೀಟರ್.

ನಂತರ ಪೆಟ್ಟಿಗೆ. ಒಂದು ತುದಿಯಲ್ಲಿ ಸೂಜಿಯಿಂದ ಅರ್ಧ ಮಿಲಿಮೀಟರಿನಷ್ಟು ತೂತು, ಎದುರು ತುದಿಯಲ್ಲಿ ಎಣ್ಣೆ ಕಾಗದದ ಪರದೆ, ಒಳಗೆಲ್ಲ ಕಪ್ಪು. ತಲೆಯ ಮೇಲೆ ದಪ್ಪ ಬಟ್ಟೆ ಹೊದ್ದು ನೋಡಿದರೆ ಎದುರಿನ ತೆಂಗಿನ ಮರ ತಲೆಕೆಳಗಾಗಿ ಕಾಣುತ್ತದೆ. ಸಾವಿರ ವರ್ಷದ ಹಿಂದೆ ಇಬ್ನ್ ಅಲ್ ಹೈಥಮ್ ಕತ್ತಲೆ ಕೋಣೆಯಲ್ಲಿ ಬೆಳಕನ್ನು ಪರೀಕ್ಷಿಸಿ ನೋಟದ ಬಗ್ಗೆ ಬರೆದದ್ದನ್ನು ಈ ಹಂತದಲ್ಲಿ ಹೇಳಬಹುದು. ಮೊದಲೇ ಹೇಳಿದರೆ ಅದು ಬರಿಯ ಮಾಹಿತಿಯಾಗಿ ಉಳಿಯುತ್ತದೆ.

ಇಲ್ಲಿಂದ ಗಣಿತಕ್ಕೆ ದಾರಿ ಸುಲಭ. ಪೆಟ್ಟಿಗೆಯ ಉದ್ದ 20 ಸೆಂ.ಮೀ., ಪರದೆಯ ಮೇಲೆ ಮರದ ಬಿಂಬ 8 ಸೆಂ.ಮೀ., ಮರಕ್ಕೂ ಪೆಟ್ಟಿಗೆಗೂ ಇರುವ ದೂರ 30 ಮೀಟರ್ ಎಂದಿಟ್ಟುಕೊಳ್ಳಿ. ಸಮರೂಪ ತ್ರಿಭುಜಗಳ ಪ್ರಕಾರ ಮರದ ಎತ್ತರ 12 ಮೀಟರ್. ಮರ ಹತ್ತದೆ ಎತ್ತರ ಅಳೆದ ಸಂತೋಷ ಮಕ್ಕಳಿಗೆ ಸಿಗುತ್ತದೆ. ಆರನೇ ತರಗತಿಯ ಬೆಳಕು–ನೆರಳಿನ ಪಾಠಕ್ಕೂ ಹತ್ತನೇ ತರಗತಿಯ ಸಮರೂಪತೆಯ ಪಾಠಕ್ಕೂ ಇದೊಂದೇ ಪೆಟ್ಟಿಗೆ ಸಾಕು.

ಎರಡನೇ ಕಾರ್ಯಾಗಾರ: ಮಗ್ಗದ ಮನೆ

ಕೊಳ್ಳೇಗಾಲ ರೇಷ್ಮೆಯ ಊರು. ಹಲವು ಪ್ರಶಿಕ್ಷಣಾರ್ಥಿಗಳ ಮನೆಯ ಪಕ್ಕದಲ್ಲೇ ಮಗ್ಗದ ಸದ್ದು ಇದೆ. ಒಪ್ಪಿಗೆ ಪಡೆದು ಒಂದು ಮಗ್ಗದ ಮನೆಯಲ್ಲಿ ಕೆಲವು ಚಿತ್ರಗಳನ್ನು ತೆಗೆದೆವು. ಒಂದೇ ಕಿಟಕಿ, ಪಕ್ಕದಿಂದ ಬರುವ ಬೆಳಕು, ಎಳೆಗಳ ಮೇಲೆ ಹೊಳಪು. ಫ್ಲ್ಯಾಶ್ ಹಾಕಿದ ಚಿತ್ರದಲ್ಲಿ ಬಟ್ಟೆ ಚಪ್ಪಟೆಯಾಗಿ, ಹೊಳಪು ಒಂದೇ ಬಿಳಿ ಮಚ್ಚೆಯಾಗಿ ಕಂಡಿತು. ಕಿಟಕಿಯ ಬೆಳಕಿನಲ್ಲಿ ತೆಗೆದದ್ದರಲ್ಲಿ ಒಂದೊಂದು ಎಳೆಯೂ ಎದ್ದು ನಿಂತಿತು. ಮೇಲ್ಮೈಯ ಸ್ವರೂಪ ತಿಳಿಯಲು ಓರೆ ಬೆಳಕು ಬೇಕು ಎಂಬುದು ಛಾಯಾಗ್ರಾಹಕರ ಮೊದಲ ಪಾಠಗಳಲ್ಲಿ ಒಂದು.

ಮರುದಿನ ಒಂದು ಚಿತ್ರವನ್ನು ಪರದೆಯ ಮೇಲೆ ಹಾಕಿದೆವು. ಮಗ್ಗದ ಮೇಲೆ ಎರಡು ಕೈ, ಮುಖ ಇಲ್ಲ. ಏನು ಕಾಣುತ್ತದೆ ಎಂಬ ಪ್ರಶ್ನೆಗೆ ಬಂದ ಮೊದಲ ಉತ್ತರಗಳು: ‘ಬಡತನ’, ‘ಕಷ್ಟದ ದುಡಿಮೆ’, ‘ನಶಿಸುತ್ತಿರುವ ಕಲೆ’. ನಾನು ಕೇಳಿದ್ದು ಇಷ್ಟೇ: ಬಡತನ ಚಿತ್ರದ ಯಾವ ಭಾಗದಲ್ಲಿದೆ, ಬಂದು ಬೆರಳಿಟ್ಟು ತೋರಿಸಿ. ಯಾರೂ ಏಳಲಿಲ್ಲ. ಬಳಿಕ ನಿಜವಾದ ಉತ್ತರಗಳು ಬಂದವು: ಬಲಗೈ ಹೆಬ್ಬೆರಳಿನ ಉಗುರು ಸವೆದಿದೆ, ಎಡಗೈಯಲ್ಲಿ ಉಂಗುರವಿದೆ, ಎರಡು ಎಳೆ ಕಡಿದು ಗಂಟು ಹಾಕಿದೆ, ಬೆಳಕು ಎಡದಿಂದ ಬಿದ್ದಿದೆ. ನೇಕಾರರ ಮನೆಯಿಂದಲೇ ಬಂದ ಒಬ್ಬ ಪ್ರಶಿಕ್ಷಣಾರ್ಥಿ ಆ ಗಂಟು ಹಾಕುವುದಕ್ಕೆ ಬೇಕಾದ ನೈಪುಣ್ಯವನ್ನು ವಿವರಿಸಿದಳು. ‘ಬಡತನ’ ಎಂದು ಮುಗಿಸಿದ್ದರೆ ಆ ಕೈಗಳ ಜಾಣ್ಮೆ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ.

ಅಂದು ಹಲಗೆಯ ಮೇಲೆ ಮೂರು ಕಂಬಸಾಲು ಎಳೆದೆವು: ಕಂಡದ್ದು, ಊಹಿಸಿದ್ದು, ಕೇಳಿ ತಿಳಿಯಬೇಕಾದದ್ದು. ಈ ಮೂರು ಸಾಲುಗಳೇ ಮುಂದಿನ ಎಲ್ಲ ಕೆಲಸಕ್ಕೂ ಆಧಾರವಾದವು. ಭಾಷಾ ಪಾಠದಲ್ಲಿ ಚಿತ್ರ ನೋಡಿ ಬರೆಯುವ ಚಟುವಟಿಕೆಗೂ, ಸಮಾಜ ವಿಜ್ಞಾನದಲ್ಲಿ ಗೂಡಿನಿಂದ ಸೀರೆಯವರೆಗಿನ ಹಂತಗಳನ್ನು ಚಿತ್ರಗಳಲ್ಲಿ ಜೋಡಿಸುವ ಚಟುವಟಿಕೆಗೂ ಪ್ರಶಿಕ್ಷಣಾರ್ಥಿಗಳು ಇವನ್ನೇ ಬಳಸಿದರು.

ಮೂರನೇ ಕಾರ್ಯಾಗಾರ: ಭರಚುಕ್ಕಿಯಲ್ಲಿ ಒಂದು ಬೆಳಗ್ಗೆ

ಕೂಟಗಳಿಗೆ ಹೊರಸಂಚಾರ ಹೇಗೋ ನಮಗೆ ಕ್ಷೇತ್ರ ಭೇಟಿ ಹಾಗೆ. ಶಿವನಸಮುದ್ರದಲ್ಲಿ ಕಾವೇರಿ ಕವಲೊಡೆದು ಧುಮುಕುವ ಎರಡು ಜಲಪಾತಗಳಲ್ಲಿ ಭರಚುಕ್ಕಿ ನಮ್ಮ ಕಡೆಯದು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳುಹಿಸಿದ ಶಿವನಸಮುದ್ರ ವಿದ್ಯುದಾಗಾರದ ಕಥೆಯನ್ನು ಬಸ್ಸಿನಲ್ಲೇ ಹೇಳಿದ್ದಾಯಿತು.

ಒಂದೇ ಜಾಗದಿಂದ ಎರಡು ಚಿತ್ರ: ಸೆಕೆಂಡಿನ ಸಾವಿರದ ಒಂದು ಭಾಗ ಬೆಳಕು ಬಿಟ್ಟದ್ದು, ನಾಲ್ಕನೆಯ ಒಂದು ಭಾಗ ಬಿಟ್ಟದ್ದು. ಮೊದಲನೆಯದರಲ್ಲಿ ನೀರು ಹನಿಹನಿಯಾಗಿ ಗಾಳಿಯಲ್ಲಿ ನಿಂತಿದೆ. ಎರಡನೆಯದರಲ್ಲಿ ಹಾಲಿನ ಪರದೆಯಾಗಿದೆ. ಯಾವುದು ನಿಜವಾದ ಜಲಪಾತ? ಎರಡೂ ನಮ್ಮ ಕಣ್ಣಿಗೆ ಕಂಡಂತಿಲ್ಲ, ಎರಡೂ ಸುಳ್ಳಲ್ಲ. ಒಂದು ಕ್ಷಣ ಇಣುಕಿ ನೋಡಿದ ತರಗತಿಗೂ ನಲವತ್ತು ನಿಮಿಷ ಕುಳಿತು ನೋಡಿದ ತರಗತಿಗೂ ಇದೇ ವ್ಯತ್ಯಾಸ ಎಂದು ಪ್ರಶಿಕ್ಷಣಾರ್ಥಿಯೊಬ್ಬರು ತಮ್ಮ ದಿನಚರಿಯಲ್ಲಿ ಬರೆದರು.

ಗಣಿತದವರಿಗೆ ಇಲ್ಲಿ ಇನ್ನೊಂದು ವಸ್ತು ಸಿಗುತ್ತದೆ. ಮಸೂರದ ರಂಧ್ರದ ಅಳತೆಗಳು 1.4, 2, 2.8, 4, 5.6, 8, 11, 16 ಎಂದು ಸಾಗುತ್ತವೆ. ಪ್ರತಿ ಸಂಖ್ಯೆಯೂ ಹಿಂದಿನದರ ಸುಮಾರು √2 ಪಟ್ಟು. ಪ್ರತಿ ಹೆಜ್ಜೆಗೂ ಒಳಬರುವ ಬೆಳಕು ಅರ್ಧ. ವೃತ್ತದ ವಿಸ್ತೀರ್ಣ ವ್ಯಾಸದ ವರ್ಗದಂತೆ ಬದಲಾಗುತ್ತದೆ ಎಂಬುದಕ್ಕೂ ಗುಣೋತ್ತರ ಶ್ರೇಢಿಗೂ ಇದಕ್ಕಿಂತ ಒಳ್ಳೆಯ ಉದಾಹರಣೆ ಅಪರೂಪ.

ನಾಲ್ಕನೇ ಕಾರ್ಯಾಗಾರ: ಕೊನೆಯ ಬೆಂಚಿನಿಂದ

ಇದು ಈ ಸರಣಿಯ ಮುಖ್ಯ ಭಾಗ. ಅಭ್ಯಾಸ ಬೋಧನೆಯ ಶಾಲೆಗಳಲ್ಲಿ, ಮಕ್ಕಳು ಆಟಕ್ಕೆ ಹೋದ ವೇಳೆಯಲ್ಲಿ, ತಮ್ಮ ತರಗತಿಯ ಚಿತ್ರಗಳನ್ನು ಈ ನಿಯಮದಂತೆ ತೆಗೆಯಲು ಪ್ರಶಿಕ್ಷಣಾರ್ಥಿಗಳಿಗೆ ತಿಳಿಸಿದೆ:

1. ಮೊಬೈಲನ್ನು ಕುಳಿತ ಮಗುವಿನ ಕಣ್ಣಿನ ಎತ್ತರದಲ್ಲಿ ಹಿಡಿಯಬೇಕು. ಬೆಂಚಿನ ಮೇಲೆ ಕೂರುವ ಮಕ್ಕಳಿಗೆ ಇದು ನೆಲದಿಂದ ಸುಮಾರು ಒಂದು ಮೀಟರ್. ನೆಲದ ಮೇಲೆ ಕೂರುವ ನಲಿ-ಕಲಿ ಮಕ್ಕಳಿಗೆ ಇನ್ನೂ ಕೆಳಗೆ.
2. ಹಿಂದಿನ ಸಾಲಿನ ಎಡ, ನಡು, ಬಲ ಮತ್ತು ಮುಂದಿನ ಸಾಲಿನ ಎರಡು ತುದಿ, ಹೀಗೆ ಐದು ಜಾಗ.
3. ಪಾಠದ ಅವಧಿ ಯಾವುದೋ ಅದೇ ಹೊತ್ತಿನ ಬೆಳಕಿನಲ್ಲಿ, ಹಲಗೆಯ ಮೇಲೆ ಎಂದಿನ ಬರಹ ಇರುವಾಗ ತೆಗೆಯಬೇಕು.
4. ದೊಡ್ಡದು ಮಾಡಿ ನೋಡಬಾರದು, ಬೆಳಕು ತಿದ್ದಬಾರದು.

ಒಬ್ಬ ಪ್ರಶಿಕ್ಷಣಾರ್ಥಿಯ ಐದು ಚಿತ್ರಗಳನ್ನು ನಾವು ಕೂಟದಲ್ಲಿ ಇಟ್ಟೆವು. ನಾಲ್ಕರಲ್ಲಿ ಹಲಗೆ ಸ್ಪಷ್ಟ. ಹಿಂದಿನ ಸಾಲಿನ ಎಡತುದಿಯಿಂದ ತೆಗೆದದ್ದರಲ್ಲಿ ಹಲಗೆಯ ಬಲಭಾಗ ಬೆಳ್ಳಗೆ ಹೊಳೆಯುತ್ತಿತ್ತು. ಅಲ್ಲಿ ಬರೆದ ಒಂದು ಅಕ್ಷರವೂ ಓದಲು ಬರುತ್ತಿರಲಿಲ್ಲ. ಹಲಗೆಗೆ ಹೊಳಪಿನ ಬಣ್ಣ ಬಳಿದಿತ್ತು. ಬಲಗೋಡೆಯ ಕಿಟಕಿಯಿಂದ ಬಂದ ಬೆಳಕು ಹಲಗೆಗೆ ತಗುಲಿ, ಪತನ ಕೋನದಷ್ಟೇ ಪ್ರತಿಫಲನ ಕೋನದಲ್ಲಿ ನೇರವಾಗಿ ಆ ಎಡಮೂಲೆಗೆ ಹೋಗುತ್ತಿತ್ತು. ಹಲಗೆಯ ಮುಂದೆ ನಿಂತ ಶಿಕ್ಷಕರಿಗೆ ಇದು ಕಾಣುವುದಿಲ್ಲ. ಹಿಂದೆ ನಡುವಿನಲ್ಲಿ ಕುರ್ಚಿ ಹಾಕಿ ಕುಳಿತ ವೀಕ್ಷಕರಿಗೂ ಕಾಣುವುದಿಲ್ಲ.

ಆ ಮೂಲೆಯಲ್ಲಿ ಕೂರುವ ಮಗುವಿನ ಬಗ್ಗೆ ಅದೇ ಪ್ರಶಿಕ್ಷಣಾರ್ಥಿಯ ಪುಸ್ತಕದಲ್ಲಿ ಮೂರು ದಿನ ಒಂದೇ ಮಾತು ಇತ್ತು: ‘ಗಮನ ಕಡಿಮೆ, ಬರೆದುಕೊಳ್ಳುವುದಿಲ್ಲ, ಪಕ್ಕದವನದ್ದನ್ನು ನೋಡುತ್ತಾನೆ’. ಈಗ ಆ ಟಿಪ್ಪಣಿಯನ್ನು ಮೂರು ಕಂಬಸಾಲಿಗೆ ಹಾಕಿದೆವು. ಕಂಡದ್ದು: ಹಲಗೆಯ ಎಡಭಾಗದ ಬರಹವನ್ನು ಮಗು ಬರೆದಿದೆ, ಬಲಭಾಗದ್ದನ್ನು ಬರೆದಿಲ್ಲ, ಆಗ ಪಕ್ಕದ ಪುಸ್ತಕ ನೋಡಿದೆ. ಊಹಿಸಿದ್ದು: ಗಮನ ಕಡಿಮೆ. ಕೇಳಿ ತಿಳಿಯಬೇಕಾದದ್ದು: ಅಲ್ಲಿಂದ ಹಲಗೆ ಕಾಣುತ್ತದೆಯೇ? ಮರುದಿನ ಕೇಳಿದಾಗ ಮಗು ಹೇಳಿದ್ದು, ‘ಆ ಕಡೆ ಮಿಂಚ್ತದೆ ಮೇಡಂ’. ಕಿಟಕಿಯ ಒಂದು ಬಾಗಿಲನ್ನು ಓರೆ ಮಾಡಿ, ಮುಖ್ಯ ಬರಹವನ್ನು ಹಲಗೆಯ ಎಡ ಮತ್ತು ನಡುಭಾಗಕ್ಕೆ ತಂದ ಮೇಲೆ ಆ ವಾರದ ಉಳಿದ ದಿನಗಳಲ್ಲಿ ಮಗುವಿನ ಪುಸ್ತಕ ಪೂರ್ಣವಾಗಿತ್ತು.

ಬರೆದುಕೊಳ್ಳದ ಎಲ್ಲ ಮಕ್ಕಳಿಗೂ ಕಿಟಕಿಯೇ ಕಾರಣವಲ್ಲ. ಕಣ್ಣಿನ ತೊಂದರೆ ಇರಬಹುದು, ಹಸಿವು ಇರಬಹುದು, ಬೇಸರವೂ ಇರಬಹುದು. ಆದರೆ ‘ಗಮನ ಕಡಿಮೆ’ ಎಂದು ಬರೆದುಬಿಟ್ಟರೆ ಇವುಗಳಲ್ಲಿ ಒಂದನ್ನೂ ನಾವು ಹುಡುಕುವುದಿಲ್ಲ. ಪ್ರತಿಫಲನ ನಿಯಮವನ್ನು ಹಲಗೆಯ ಮೇಲೆ ಬರೆದು ಕಲಿಸುವ ವಿಜ್ಞಾನ ಶಿಕ್ಷಕರಿಗೆ ಅದೇ ಹಲಗೆ ಆ ನಿಯಮದ ಉದಾಹರಣೆಯಾಗಿದೆ ಎಂಬುದೂ ನೆನಪಿರಲಿ.

ವಿಮರ್ಶಾ ಕೂಟದ ನಿಯಮಗಳು

ಚಿತ್ರಗಳ ಮೇಲೆ ಅಭ್ಯಾಸ ಮಾಡಿದ ವಿಮರ್ಶೆಯನ್ನು ಕೊನೆಗೆ ಪಾಠಗಳ ಮೇಲೆ ಬಳಸಿದೆವು. ಪಾಠ ಮುಗಿದ ದಿನವೇ ಸಹಪಾಠಿಗಳು ಸೇರಿ ನಡೆಸುವ ಚರ್ಚೆಗೆ ನಾವು ಪಾಲಿಸುವ ಕ್ರಮ ಇದು:

1. ಮೊದಲ ಎರಡು ನಿಮಿಷ ಮೌನ. ಎಲ್ಲರೂ ತಮ್ಮ ಟಿಪ್ಪಣಿ ಓದಿಕೊಳ್ಳುವರು.
2. ಪಾಠ ಮಾಡಿದವರು ಈ ಹಂತದಲ್ಲಿ ಮಾತಾಡುವುದಿಲ್ಲ, ಸಮರ್ಥನೆಯನ್ನೂ ಕೊಡುವುದಿಲ್ಲ.
3. ಮೊದಲ ಸುತ್ತಿನಲ್ಲಿ ಕಂಡದ್ದು ಮಾತ್ರ. ‘ಪ್ರಶ್ನೆ ಕೇಳಿ ಎರಡು ಸೆಕೆಂಡಿನಲ್ಲಿ ಉತ್ತರ ನೀವೇ ಹೇಳಿದಿರಿ’ ಎನ್ನಬಹುದು. ‘ಆತುರ ಜಾಸ್ತಿ’ ಎನ್ನುವಂತಿಲ್ಲ.
4. ಎರಡನೇ ಸುತ್ತಿನಲ್ಲಿ ಪ್ರಶ್ನೆಗಳು. ‘ಆ ಉದಾಹರಣೆಯನ್ನು ಯಾಕೆ ಆರಿಸಿಕೊಂಡಿರಿ?’
5. ಮೂರನೇ ಸುತ್ತಿನಲ್ಲಿ ಒಬ್ಬರಿಗೆ ಒಂದೇ ಸಲಹೆ, ನಾಳೆಯೇ ಮಾಡಬಹುದಾದದ್ದು.
6. ಕೊನೆಯ ಮಾತು ಪಾಠ ಮಾಡಿದವರದು.

ಮಾರ್ಗದರ್ಶಕರೂ ಈ ಸುತ್ತುಗಳಲ್ಲಿ ಒಬ್ಬರಾಗಿ ಕೂರಬೇಕು ಮತ್ತು ಮೊದಲು ಮಾತಾಡಬಾರದು. ಮಾರ್ಗದರ್ಶಕರು ಬಾಯಿ ತೆರೆದ ಮೇಲೆ ಉಳಿದವರು ಅದೇ ಮಾತನ್ನು ಬೇರೆ ಪದಗಳಲ್ಲಿ ಹೇಳುತ್ತಾರೆ. ಸಲಾನ್‌ಗಳಲ್ಲಿ ತೀರ್ಪುಗಾರರು ಪರಸ್ಪರ ಚರ್ಚಿಸದೆ ಅಂಕ ಕೊಡುವ ಕ್ರಮದ ಹಿಂದೆಯೂ ಇದೇ ತಿಳಿವಳಿಕೆ ಇದೆ.

ಈ ಕ್ರಮದಿಂದ ವೀಕ್ಷಣಾ ಪುಸ್ತಕದ ಭಾಷೆ ಬದಲಾಯಿತು. ‘ಮಕ್ಕಳ ಪಾಲ್ಗೊಳ್ಳುವಿಕೆ ಉತ್ತಮ’ ಎಂದಿದ್ದ ಜಾಗದಲ್ಲಿ ‘ಹದಿನಾಲ್ಕು ಪ್ರಶ್ನೆಗಳಲ್ಲಿ ಒಂಬತ್ತನ್ನು ಮುಂದಿನ ಎರಡು ಸಾಲಿಗೆ ಕೇಳಲಾಯಿತು’ ಎಂಬ ವಾಕ್ಯ ಬಂದಿತು. ಎರಡನೆಯ ವಾಕ್ಯವನ್ನು ಓದಿದವರು ನಾಳೆ ಏನು ಮಾಡಬೇಕೆಂದು ತಾವೇ ತಿಳಿದುಕೊಳ್ಳುತ್ತಾರೆ. ನೋಯಿಸುವ ಮಾತು ಅದರಲ್ಲಿ ಇಲ್ಲ.

ಎಚ್ಚರಿಕೆಗಳು

ಮಕ್ಕಳ ಚಿತ್ರ. ತರಗತಿಯ ಚಿತ್ರಗಳಲ್ಲಿ ಮಕ್ಕಳ ಮುಖ ಬರಬಾರದು. ಹಲಗೆ, ಆಸನ, ಬೆಳಕು ಸಾಕು. ಮುಖ್ಯ ಶಿಕ್ಷಕರ ಅನುಮತಿ ಮೊದಲೇ ಇರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಕಾಯ್ದೆಯ ಮಾತು ಹಾಗಿರಲಿ, ಮಗುವಿನ ಚಿತ್ರವನ್ನು ವಾಟ್ಸಾಪ್ ಗುಂಪಿಗೆ ಹಾಕುವುದು ಶಿಕ್ಷಕರ ಘನತೆಗೆ ಒಪ್ಪುವುದಲ್ಲ.

ಕಾಡು ಮತ್ತು ಪೋಡು. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಡೆ ಕ್ಷೇತ್ರ ಭೇಟಿ ಮಾಡುವವರು ಅರಣ್ಯ ಇಲಾಖೆಯ ನಿಯಮ ಪಾಲಿಸಬೇಕು. ಚಿತ್ರಕ್ಕಿಂತ ಪ್ರಾಣಿಯ ಕ್ಷೇಮ ದೊಡ್ಡದು ಎಂಬುದು ವನ್ಯಜೀವಿ ಛಾಯಾಗ್ರಾಹಕರು ಒಪ್ಪಿಕೊಂಡ ನೀತಿ. ಗೂಡಿನಲ್ಲಿರುವ ಹಕ್ಕಿಗೆ ತೊಂದರೆ ಕೊಡಬಾರದು. ಸೋಲಿಗರ ಪೋಡುಗಳಲ್ಲಿ ಕೇಳದೆ ಕ್ಯಾಮೆರಾ ಎತ್ತಬಾರದು. ನಮ್ಮ ತರಗತಿಗಳಲ್ಲಿ ಆ ಪೋಡುಗಳಿಂದ ಬಂದ ಪ್ರಶಿಕ್ಷಣಾರ್ಥಿಗಳೂ ಮಕ್ಕಳೂ ಇರುತ್ತಾರೆ. ಅವರು ಯಾರದೋ ಚಿತ್ರದ ವಸ್ತುವಾಗುವ ಬದಲು ತಮ್ಮ ಊರನ್ನು ತಾವೇ ತೋರಿಸುವಂತಾಗಲಿ.

ಮೊಬೈಲಿನ ಮಿತಿ. ಇಂದಿನ ಮೊಬೈಲುಗಳು ಬೆಳಕನ್ನು ತಾವಾಗಿಯೇ ಸರಿದೂಗಿಸುತ್ತವೆ. ಮಗುವಿನ ಕಣ್ಣಿಗೆ ಕುಕ್ಕುವ ಹೊಳಪು ಚಿತ್ರದಲ್ಲಿ ಮಂದವಾಗಿ ಕಾಣಬಹುದು. ಆದ್ದರಿಂದ ಚಿತ್ರ ತೆಗೆದ ಜಾಗದಲ್ಲಿ ಒಂದು ನಿಮಿಷ ಕುಳಿತು ನೋಡುವುದನ್ನು ಬಿಡಬಾರದು.

ಸಹೋದ್ಯೋಗಿಗಳಿಗೆ ಒಂದು ಮಾತು

2014ರ ಎನ್.ಸಿ.ಟಿ.ಇ. ನಿಯಮಾವಳಿಯ ನಂತರ ಬಿ.ಇಡಿ. ಎರಡು ವರ್ಷದ್ದಾಗಿದೆ, ಶಾಲಾ ಇಂಟರ್ನ್‌ಶಿಪ್ ದೀರ್ಘವಾಗಿದೆ. ಅವಧಿ ಹೆಚ್ಚಾದಾಗ ತುಂಬುವ ನಮೂನೆಗಳೂ ಹೆಚ್ಚಾಗುತ್ತವೆ. ಹೊಸ ನಮೂನೆ ಒಂದನ್ನು ಸೇರಿಸಿ ಎಂದು ನಾನು ಕೇಳುತ್ತಿಲ್ಲ. ಈಗಿರುವ ವೀಕ್ಷಣಾ ಪುಸ್ತಕದ ಪುಟಕ್ಕೆ ಎರಡು ಗೆರೆ ಎಳೆದರೆ ಮೂರು ಕಂಬಸಾಲು ಆಗುತ್ತದೆ. ಇಂಟರ್ನ್‌ಶಿಪ್‌ನ ಮೊದಲ ವಾರ ಪಾಠ ಆರಂಭಿಸುವ ಮೊದಲು ಐದು ಆಸನಗಳಲ್ಲಿ ಕುಳಿತು ನೋಡಲು ಒಂದು ಅವಧಿ ಸಾಕು.

ಪ್ರಶಿಕ್ಷಣಾರ್ಥಿಗಳಿಗೆ ಅಭ್ಯಾಸ

1. ನೀವು ಈಚೆಗೆ ಬರೆದ ಒಂದು ವೀಕ್ಷಣಾ ಟಿಪ್ಪಣಿಯನ್ನು ಮೂರು ಕಂಬಸಾಲಿಗೆ ವಿಂಗಡಿಸಿ. ಮೊದಲ ಸಾಲಿನಲ್ಲಿ ಎಷ್ಟು ವಾಕ್ಯ ಉಳಿದವು?
2. ನಿಮ್ಮ ಅಭ್ಯಾಸ ಶಾಲೆಯ ತರಗತಿಯ ನಕ್ಷೆ ಬರೆದು ಕಿಟಕಿ, ಹಲಗೆ, ಆಸನಗಳನ್ನು ಗುರುತಿಸಿ. ಪ್ರತಿಫಲಿತ ಕಿರಣ ಯಾವ ಆಸನಕ್ಕೆ ಹೋಗುತ್ತದೆ? ಬೆಳಗ್ಗೆ ಮತ್ತು ಮಧ್ಯಾಹ್ನ ಬೇರೆ ಬೇರೆಯಾಗಿ ಪರೀಕ್ಷಿಸಿ.
3. ಕತ್ತಲೆ ಪೆಟ್ಟಿಗೆಯನ್ನು ಬಳಸಿ ನಿಮ್ಮ ಶಾಲೆಯ ಧ್ವಜಸ್ತಂಭದ ಎತ್ತರವನ್ನು ಮಕ್ಕಳಿಂದ ಅಳೆಯಿಸುವ ಒಂದು ಪಾಠ ಯೋಜನೆ ಸಿದ್ಧಪಡಿಸಿ.
4. ‘ಗಮನ ಕಡಿಮೆ’ ಎಂದು ನಿಮ್ಮ ತರಗತಿಯಲ್ಲಿ ಹೆಸರಾದ ಒಂದು ಮಗುವಿನ ಆಸನದಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಿ. ಕಂಡದ್ದನ್ನು ಮಾತ್ರ ಬರೆಯಿರಿ.